ಅಜ್ಜನ ಪದಕ ಗುಜರಿಗೆ ಹಾಕುವ ಮುನ್ನ ಅಂಚು ನೋಡಿ

ಕಾಸರಗೋಡು: ಅಟ್ಟದ ಮೇಲಿನ ಟ್ರಂಕಿನಲ್ಲಿ ದಪ್ಪ ಕಾಟನ್ ಬೆಲ್ಟು, ಹಿತ್ತಾಳೆ ಬಕಲ್, ಬಣ್ಣ ಮಾಸಿದ ರಿಬ್ಬನ್‌ನ ಪದಕ ಇದೆಯೇ? ಗುಜರಿಗೆ ಹಾಕಿದರೆ ಸಿಗೋದು ತೂಕದ ಕಾಸು, ಹೋಗೋದು ಮನೆತನದ ದಾಖಲೆ.

ಎರಡನೇ ಮಹಾಯುದ್ಧ (1939-45) ಮುಗಿಯುವ ಹೊತ್ತಿಗೆ ಭಾರತೀಯ ಸೇನೆಯಲ್ಲಿ ಸುಮಾರು 25 ಲಕ್ಷ ಮಂದಿ ಇದ್ದರು. ಸೈನಿಕನ ಬೆಲ್ಟು, ಗುಂಡಿನ ಚೀಲ, ನೀರಿನ ಬಾಟಲಿಯ ಪಟ್ಟಿಗೆ ‘1937 ಪ್ಯಾಟರ್ನ್’ ಎಂದು ಹೆಸರು. ಈಗ ಇವನ್ನು ಸಂಗ್ರಹಿಸುವವರಿದ್ದಾರೆ. ಹೀಗಾಗಿ ನಕಲಿಯೂ ಬಂದಿದೆ!

ಅಸಲಿ ಗುರುತಿಸೋದು ಹೇಗೆ?

ಮೊದಲು ಮುದ್ರೆ ನೋಡಿ. ಬರೀ ಬಾಣ ಇದ್ದರೆ ಬ್ರಿಟನ್, ಇಂಗ್ಲಿಷ್ ‘ಸಿ’ ಅಕ್ಷರದೊಳಗೆ ಬಾಣ ಇದ್ದರೆ ಕೆನಡಾ, ಬಾಣದ ಜತೆ ‘ಐ’ ಇದ್ದರೆ ಇಂಡಿಯಾ. ಆದರೆ ಮುದ್ರೆಯೊಂದನ್ನೇ ನಂಬಬೇಡಿ, ಅದನ್ನು ಯಾರು ಬೇಕಾದರೂ ಒತ್ತಬಹುದು. ಸಡಿಲಾದ ಹೊಲಿಗೆ ದಾರ ಸಿಕ್ಕರೆ ಸುಟ್ಟು ನೋಡಿ. ಹತ್ತಿಯಾದರೆ ಬೂದಿಯಾಗುತ್ತದೆ. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್, ಯುದ್ಧಕಾಲದ ಹೊಲಿಗೆ ಅಲ್ಲ. ನೋಟು ಪರೀಕ್ಷಿಸುವ ನೇರಳಾತೀತ ಟಾರ್ಚಿಗೆ ಬಟ್ಟೆ ಬೆಳ್ಳಗೆ ಹೊಳೆದರೆ ಅನುಮಾನ ಪಡಿ. ಆದರೆ ಇತ್ತೀಚೆಗೆ ಸೋಪು ಪುಡಿಯಲ್ಲಿ ಒಗೆದಿದ್ದರೂ ಹೊಳೆಯುತ್ತೆ.

ಪದಕಗಳ ವಿಷಯದಲ್ಲಿ ನಮ್ಮವರು ಅದೃಷ್ಟವಂತರು. ಈ ಯುದ್ಧದ ಪದಕಗಳನ್ನು ಬ್ರಿಟಿಷ್ ಸೈನಿಕರಿಗೆ ಹೆಸರಿಲ್ಲದೆ ಕೊಟ್ಟರೆ, ಭಾರತೀಯ ಸೈನಿಕರಿಗೆ ನಂಬರು, ಹೆಸರು, ದಳ ಕೆತ್ತಿ ಕೊಟ್ಟರು. ದುಂಡು ಪದಕದ ಅಂಚಿನಲ್ಲಿ, ಬರ್ಮಾ ಸ್ಟಾರ್‌ನಂಥ ನಕ್ಷತ್ರದ ಬೆನ್ನಲ್ಲಿ ಹುಡುಕಿ. ಬ್ರಾಸೋ ಹಾಕಿ ಉಜ್ಜಿದರೆ ಅಕ್ಷರವೇ ಸವೆದುಹೋದೀತು, ಹುಷಾರ್!

ಕಾಗದದಲ್ಲಿ ಜಿಲ್ಲೆ ನೋಡಿ

ಗಡಿನಾಡ ಮನೆಗಳಿಗೆ ಇನ್ನೊಂದು ಸುಳಿವಿದೆ. ಆಗ ಕಾಸರಗೋಡು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಆದೋನಿ, ರಾಯದುರ್ಗ ಬಳ್ಳಾರಿ ಜಿಲ್ಲೆಯಲ್ಲಿದ್ದು, ಆಂಧ್ರಕ್ಕೆ ಸೇರಿದ್ದು 1953ರಲ್ಲಿ. ಅಜ್ಜನ ಡಿಸ್ಚಾರ್ಜ್ ಪತ್ರದಲ್ಲಿ ‘ಬಳ್ಳಾರಿ ಜಿಲ್ಲೆ, ಆದೋನಿ’ ಎಂದಿದ್ದರೆ ತಪ್ಪೆಂದು ಎಸೆಯಬೇಡಿ, ಅದೇ ಸರಿ. 1944ರ ಪತ್ರದಲ್ಲಿ ‘ಕಾಸರಗೋಡು ಜಿಲ್ಲೆ’ ಎಂದಿದ್ದರೆ ಮಾತ್ರ ಖೋಟಾ. ಆ ಜಿಲ್ಲೆ ಹುಟ್ಟಿದ್ದೇ 1984ರಲ್ಲಿ!

ಪದಕ, ಪತ್ರ, ಫೋಟೋ ಒಟ್ಟಿಗೇ ಇಡಿ, ಬಿಡಿ ಬಿಡಿಯಾಗಿ ಮಾರಿದರೆ ಕಥೆ ತುಂಡಾಗುತ್ತದೆ. 100 ವರ್ಷ ದಾಟಿದ ಮೊದಲ ಮಹಾಯುದ್ಧದ ವಸ್ತುಗಳಿಗೆ 1972ರ ಪ್ರಾಚ್ಯವಸ್ತು ಕಾಯ್ದೆ ಅನ್ವಯಿಸಬಹುದು, ವಿದೇಶಕ್ಕೆ ಕಳುಹಿಸುವ ಮುನ್ನ ವಿಚಾರಿಸಿ. ಟ್ರಂಕಿನಲ್ಲಿ ಗುಂಡು, ಗ್ರೆನೇಡ್ ಕಂಡರೆ ಮುಟ್ಟಬೇಡಿ, ಪೊಲೀಸರಿಗೆ ತಿಳಿಸಿ.