ಸಕ್ಕರೆ ಮುಸುಕಿನ ಟೈಫಾಯ್ಡ್: ಹೋಟೆಲ್ ಮಾಲೀಕರು ತಿಳಿದಿರಬೇಕಾದ್ದು

ಬುಟಿಬೋರಿಯ ಕೈಗಾರಿಕಾ ಪ್ರದೇಶದಲ್ಲಿ ಶಿಫ್ಟ್ ಬಿಟ್ಟೊಡನೆ ಇಡ್ಲಿ-ವಡೆಗೆ ಬರುವ ಗಿರಾಕಿ, ಚಟ್ನಿ ರುಬ್ಬಿದವನು ಕೈ ತೊಳೆದಿದ್ದನೇ ಎಂದು ಕೇಳುವುದಿಲ್ಲ. ನಮ್ಮನ್ನು ನಂಬಿ ತಿನ್ನುತ್ತಾನೆ. ಊರು ಬಿಟ್ಟು ಬಂದು ನಾಗಪುರದಂಥ ಕಡೆ ಹೋಟೆಲ್ ನಡೆಸುವವರಿಗೆ ಈ ನಂಬಿಕೆಯೇ ಬಂಡವಾಳ.

ಅದಕ್ಕೆ ಕುತ್ತು ತರಬಲ್ಲ ಕಾಯಿಲೆ ಟೈಫಾಯ್ಡ್, ಅಂದರೆ ವಿಷಮಶೀತ ಜ್ವರ. ಇದರ ರೋಗಾಣು ಸಾಲ್ಮೊನೆಲ್ಲಾ ಟೈಫಿ. ಮಲದಿಂದ ನೀರಿಗೆ ಮತ್ತು ಕೈಗೆ, ಅಲ್ಲಿಂದ ಆಹಾರಕ್ಕೆ ಸೇರುತ್ತದೆ.

ಈ ರೋಗಾಣುವಿನ ಮೈಮೇಲೆ 'ವಿಐ' ಎಂಬ ಸಕ್ಕರೆಯ ಹೊದಿಕೆ ಇದೆ. ಇದು ಕಾಫಿಗೆ ಹಾಕುವ ಸಕ್ಕರೆಯಲ್ಲ. ಸಕ್ಕರೆ ಜಾತಿಯ ಕಣಗಳು ಸರದಂತೆ ಪೋಣಿಸಿಕೊಂಡ ಪದರ. 1934ರಲ್ಲಿ ಫೆಲಿಕ್ಸ್ ಮತ್ತು ಪಿಟ್ ಎಂಬ ವಿಜ್ಞಾನಿಗಳು ಇದನ್ನು ಗುರುತಿಸಿದರು. ಇದರಡಿಯಲ್ಲಿ ಇನ್ನೊಂದು ಬಗೆಯ ಸಕ್ಕರೆ ಸರಪಳಿ ಇದ್ದು, ನಮ್ಮ ರಕ್ತದ ಕಾವಲುಪಡೆ ಅದನ್ನು ನೋಡಿ ರೋಗಾಣುವನ್ನು ಗುರುತಿಸುತ್ತದೆ. ವಿಐ ಮುಸುಕು ಆ ಗುರುತನ್ನೇ ಮುಚ್ಚಿಬಿಡುತ್ತದೆ. ಕಾವಲುಗಾರ ಎಚ್ಚರವಾಗುವ ಮೊದಲೇ ಕಳ್ಳ ಒಳಮನೆ ಸೇರಿರುತ್ತಾನೆ.

ಜ್ವರ ಬಿಟ್ಟ ಮೇಲೂ ನೂರರಲ್ಲಿ ಸುಮಾರು 1ರಿಂದ 5 ಮಂದಿಯ ಪಿತ್ತಕೋಶದಲ್ಲಿ ರೋಗಾಣು ಉಳಿದುಬಿಡಬಹುದು. ಇವರೇ 'ವಾಹಕರು'. ನೋಡಲು ಗಟ್ಟಿಮುಟ್ಟಾಗಿರುತ್ತಾರೆ.

ನ್ಯೂಯಾರ್ಕಿನ ಅಡುಗೆಯಾಕೆ ಮೇರಿ ಮಲಾನ್ ಇಂಥ ವಾಹಕಿ. 1907ರಲ್ಲಿ ಆಕೆಯನ್ನು ಹಿಡಿದು ಪ್ರತ್ಯೇಕವಾಗಿಟ್ಟರು. ಅಡುಗೆ ಮಾಡುವುದಿಲ್ಲವೆಂದು ಮಾತು ಕೊಟ್ಟ ಮೇಲೆ 1910ರಲ್ಲಿ ಬಿಟ್ಟರು. ಬಟ್ಟೆ ಒಗೆಯುವ ಕೆಲಸದ ಸಂಬಳ ಸಾಲದೆ, ಹೆಸರು ಬದಲಿಸಿ ಮತ್ತೆ ಅಡುಗೆಗೆ ಸೇರಿದಳು. 1915ರಲ್ಲಿ ಆಕೆ ಅಡುಗೆ ಮಾಡುತ್ತಿದ್ದ ಹೆರಿಗೆ ಆಸ್ಪತ್ರೆಯಲ್ಲಿ 25 ಮಂದಿ ಕಾಯಿಲೆ ಬಿದ್ದರು. ಮತ್ತೆ ಸೆರೆಯಾದ ಆಕೆ 1938ರಲ್ಲಿ ಸಾಯುವವರೆಗೂ ಹೊರಬರಲಿಲ್ಲ.

ಮೊದಲು ಆಕೆಯ ಮೇಲೆ ಅನುಮಾನ ಬಂದದ್ದು ಹಸಿ ಹಣ್ಣು ಹಾಕಿದ ಐಸ್‌ಕ್ರೀಮಿನಿಂದ. ನಮಗೂ ಇದು ಪಾಠ. ಕುದಿಯುವ ಸಾಂಬಾರಿನಲ್ಲಿ ರೋಗಾಣು ಉಳಿಯದು. ಭಯವಿರುವುದು ಒಲೆ ಕಾಣದ ಪದಾರ್ಥಗಳಲ್ಲಿ: ಕಾಯಿ ಚಟ್ನಿ, ಕೋಸಂಬರಿ, ಹೆಚ್ಚಿದ ಈರುಳ್ಳಿ, ಮಜ್ಜಿಗೆ, ಐಸ್, ಕುಡಿಯುವ ನೀರು.

ಮುಸುಕಾಗಿರುವ ಅದೇ ಸಕ್ಕರೆ ಈಗ ಲಸಿಕೆಯೂ ಆಗಿದೆ. ವಿಐ ಸಕ್ಕರೆಯನ್ನು ಪ್ರೋಟೀನಿಗೆ ಜೋಡಿಸಿ ಹೈದರಾಬಾದಿನ ಭಾರತ್ ಬಯೋಟೆಕ್ ತಯಾರಿಸಿದ ಲಸಿಕೆಯನ್ನು 2018ರಲ್ಲಿ ನಮ್ಮ ಮಹಾರಾಷ್ಟ್ರದ ನವಿ ಮುಂಬಯಿ ಪಾಲಿಕೆ ಮಕ್ಕಳಿಗೆ ಹಾಕಿತು. ಆದರೆ ಪ್ಯಾರಾಟೈಫಾಯ್ಡ್ 'ಎ' ರೋಗಾಣುವಿಗೆ ಈ ಮುಸುಕಿಲ್ಲ, ಹಾಗಾಗಿ ಈ ಲಸಿಕೆ ಅದನ್ನು ತಡೆಯದು. ಲಸಿಕೆ ಹಾಕಿಸಿದರೂ ಸೋಪು ಬಿಡುವಂತಿಲ್ಲ.

ಆಹಾರ ಸುರಕ್ಷತೆಯ 2011ರ ನಿಯಮಾವಳಿಯ 4ನೇ ಅನುಸೂಚಿಯಂತೆ ಆಹಾರ ಮುಟ್ಟುವ ಸಿಬ್ಬಂದಿಗೆ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ, ಕರುಳಿನ ಸೋಂಕಿನ ವಿರುದ್ಧ ಲಸಿಕೆ ಮತ್ತು ಅದರ ದಾಖಲೆ ಕಡ್ಡಾಯ. ಫೈಲಿಗಾಗಿ ಸರ್ಟಿಫಿಕೇಟು ತರಿಸಿಟ್ಟರೆ ರೋಗಾಣು ಅದನ್ನು ಓದುವುದಿಲ್ಲ.

ಕೊನೆಯ ಮಾತು. ಜ್ವರವೆಂದು ಹೇಳಿದ ಹುಡುಗನ ಸಂಬಳ ಹಿಡಿದರೆ ಮುಂದಿನ ಸಲ ಆತ ಹೇಳುವುದಿಲ್ಲ. ವಾಹಕನೆಂದು ತಿಳಿದ ಭಟ್ಟರನ್ನು ಹೊರಹಾಕಿದರೆ ಅವರು ಇನ್ನೊಂದು ಅಡುಗೆಮನೆ ಸೇರುತ್ತಾರೆ, ಮೇರಿಯಂತೆಯೇ. ಚಿಕಿತ್ಸೆ ಕೊಡಿಸಿ. ವೈದ್ಯರು ಮಲಪರೀಕ್ಷೆ ಮಾಡಿಸಿ ಸರಿಯೆನ್ನುವವರೆಗೆ ಗಲ್ಲಾದಲ್ಲೋ ಲೆಕ್ಕದ ಪುಸ್ತಕದಲ್ಲೋ ಕೂರಿಸಿ. ಅದೇ ಅಗ್ಗದ ದಾರಿ, ಮರ್ಯಾದೆಯ ದಾರಿಯೂ ಹೌದು.