ಗುಂಡಿಗೆ ಇಟ್ಟ ಬೊಟ್ಟು

ನಮ್ಮ ಮನೆಯ ವಾಷಿಂಗ್ ಮಷೀನಿಗೆ ಹನ್ನೊಂದು ಗುಂಡಿಗಳಿವೆ. ಅದರಲ್ಲಿ ಎರಡಕ್ಕೆ ಮಾತ್ರ ಅಮ್ಮ ಸ್ಟಿಕ್ಕರ್ ಬೊಟ್ಟು ಅಂಟಿಸಿದ್ದಾಳೆ. ಮೊದಲು ಕೆಂಪು ಬೊಟ್ಟು ಒತ್ತಬೇಕು, ಆಮೇಲೆ ಹಸಿರು. ಉಳಿದ ಒಂಬತ್ತನ್ನು ಅವಳು ಮುಟ್ಟಿದ್ದೇ ಇಲ್ಲ. ಒಮ್ಮೆ ಹಬ್ಬಕ್ಕೆಂದು ಮನೆ ಒರೆಸುವಾಗ ಕೊಳೆ ಅಂಟಿಕೊಂಡಿದೆ ಅಂದುಕೊಂಡು ನಾನೇ ಎರಡನ್ನೂ ಕೆರೆದು ತೆಗೆದೆ. ಅವತ್ತು ಅಮ್ಮ ಬಟ್ಟೆಯನ್ನು ಹಿತ್ತಲಿನ ಕಲ್ಲಿನ ಮೇಲೆ ಒಗೆದಳು. ‘ಇಷ್ಟೆಲ್ಲ ಓದಿದೀಯ, ಬೊಟ್ಟು ಯಾಕಿಟ್ಟಿದೀನಿ ಅಂತ ಗೊತ್ತಾಗಲಿಲ್ವಾ?’ ಎಂದಳು.

ಇಂಥ ಬೊಟ್ಟುಗಳನ್ನು ಹುಡುಕಿಕೊಂಡು ಹೋಗುವುದನ್ನೇ ಕಸುಬು ಮಾಡಿಕೊಂಡವರು ಇದ್ದಾರೆ. ಅವರನ್ನು ಯುಎಕ್ಸ್ ಡಿಸೈನರ್ ಎನ್ನುತ್ತಾರೆ. ಮಿಕ್ಸಿ, ಫೋನು, ಕಾರು, ಆಸ್ಪತ್ರೆಯ ಯಂತ್ರಗಳಿಗೆ ರೂಪ ಕೊಡುವ ಇಂಡಸ್ಟ್ರಿಯಲ್ ಡಿಸೈನ್ ಸಂಸ್ಥೆಗಳಲ್ಲಿ ಆಕಾರ ತೀರ್ಮಾನಿಸುವವರು ಒಂದು ಮೇಜಿನಲ್ಲಿ ಕೂತರೆ ಇವರು ಪಕ್ಕದ ಮೇಜಿನಲ್ಲಿ ಕೂರುತ್ತಾರೆ. ವಸ್ತು ಕೈಗೆ ಬಂದ ಮೇಲೆ ಮನುಷ್ಯ ಏನು ಒತ್ತುತ್ತಾನೆ, ಎಲ್ಲಿ ತಡವರಿಸುತ್ತಾನೆ, ಯಾವಾಗ ಬೈಯುತ್ತಾನೆ ಎಂಬುದು ಇವರ ಲೆಕ್ಕ.

ನನ್ನನ್ನು ಈ ವಿಷಯಕ್ಕೆ ಎಳೆದು ತಂದದ್ದು ಬಿಲ್ ಮಾಗ್ರಿಜ್ ಎಂಬ ಇಂಗ್ಲಿಷ್ ಡಿಸೈನರ್‌ನ ಒಂದು ಪ್ರಸಂಗ. 1969ರಲ್ಲಿ ಲಂಡನ್ನಿನಲ್ಲಿ ಸ್ವಂತ ಸಂಸ್ಥೆ ತೆರೆದ ಆತ ಹತ್ತು ವರ್ಷಗಳ ಬಳಿಕ ಕ್ಯಾಲಿಫೋರ್ನಿಯಾದಲ್ಲಿ ‘ಐಡಿ ಟೂ’ ಎಂಬ ಇನ್ನೊಂದನ್ನು ಕಟ್ಟಿದ. ಅಲ್ಲಿ ಸಿಕ್ಕ ಕೆಲಸ, ಜಾನ್ ಎಲೆನ್‌ಬಿ ಎಂಬಾತನ ಗ್ರಿಡ್ ಕಂಪನಿಗೆ ಬ್ರೀಫ್‌ಕೇಸಿನಲ್ಲಿ ಹಿಡಿಸುವಂಥ ಕಂಪ್ಯೂಟರ್. ಮಾಗ್ರಿಜ್ ಅದಕ್ಕೆ ಮ್ಯಾಗ್ನೀಸಿಯಂ ಮಿಶ್ರಲೋಹದ ಕಪ್ಪು ಕವಚ ಹಾಕಿದ. ಪರದೆ ಮಡಚಿ ಕೀಬೋರ್ಡಿನ ಮೇಲೆ ಕವುಚಿಕೊಳ್ಳುವ ಹಾಗೆ ಕೀಲು ಕೂರಿಸಿದ. ಇವತ್ತು ಲ್ಯಾಪ್‌ಟಾಪ್ ಮುಚ್ಚುವಾಗ ನಾವು ಮಾಡುವುದು ಅದನ್ನೇ. ಗ್ರಿಡ್ ಕಂಪಾಸ್ ಎಂಬ ಹೆಸರಿನಲ್ಲಿ 1982ರಲ್ಲಿ ಮಾರುಕಟ್ಟೆಗೆ ಬಂದಾಗ ಅದರ ಬೆಲೆ 8,150 ಡಾಲರ್. ಅಷ್ಟು ಹಣ ಕೊಡಬಲ್ಲವರು ದೊಡ್ಡ ಕಂಪನಿಗಳ ಸಾಹೇಬರು, ಅಮೆರಿಕದ ಸೈನ್ಯ ಮತ್ತು ನಾಸಾ. ಬಾಹ್ಯಾಕಾಶ ನೌಕೆಯಲ್ಲೂ ಅದು ಹಾರಿ ಬಂತು.

ನನಗೆ ಮುಖ್ಯವಾದ ಕತೆ ಅದಕ್ಕೂ ಹಿಂದಿನದು. 1981ರಲ್ಲಿ ಕೆಲಸ ಮಾಡುವ ಮೊದಲ ಮಾದರಿಯನ್ನು ಮಾಗ್ರಿಜ್ ಮನೆಗೆ ಒಯ್ದ. ತಾನೇ ಮಾಡಿದ ಚಿಲಕ, ಕೀಲು, ಅಂಚಿನ ತಿರುವು. ಹೆತ್ತವರಿಗೆ ಹೆಗ್ಗಣವೂ ಮುದ್ದಂತೆ, ಇದು ಹೆಗ್ಗಣವೂ ಅಲ್ಲ. ತೆರೆದು ಕೂತ. ಕೆಲವೇ ನಿಮಿಷಗಳಲ್ಲಿ ಕೀಲೂ ಮರೆತುಹೋಯಿತು, ಚಿಲಕವೂ ಮರೆತುಹೋಯಿತು. ಅಂಬರ್ ಬಣ್ಣದ ಆ ಪುಟ್ಟ ಪರದೆಯ ಒಳಗೇ ಅವನು ಇಳಿದುಬಿಟ್ಟಿದ್ದ. ಸಿಟ್ಟು ಬಂದರೂ ಖುಷಿ ಬಂದರೂ ಅದು ಬರುತ್ತಿದ್ದುದು ಪರದೆಯ ಹಿಂದಿನ ಸಾಫ್ಟ್‌ವೇರ್‌ನಿಂದ. ತಾನು ಇಷ್ಟು ದಿನ ತಿದ್ದಿ ತೀಡಿದ್ದು ಬರೀ ಹೊರಗೋಡೆ, ಸಂಸಾರ ನಡೆಯುವುದು ಒಳಗೆ, ಆ ಒಳಮನೆಯನ್ನು ಕಟ್ಟಲು ತನಗೆ ಬರುವುದಿಲ್ಲ ಎಂದು ಅವನಿಗೆ ಹೊಳೆಯಿತು. ಇದನ್ನು ಅವನೇ ಆಮೇಲೆ ಎಷ್ಟೋ ಸಲ ಹೇಳಿಕೊಂಡಿದ್ದಾನೆ. ತಾನು ಗೆದ್ದ ಕೆಲಸದ ಮುಂದೆ ಕೂತೇ ತನಗೆ ಗೊತ್ತಿಲ್ಲದ್ದನ್ನು ಒಪ್ಪಿಕೊಂಡವರು ಕಡಿಮೆ. ನನಗೆ ಅವನ ಮೇಲೆ ಗೌರವ ಹುಟ್ಟಿದ್ದು ಇಲ್ಲಿ.

ಹೊಸ ವಿದ್ಯೆಗೆ ಮಾಗ್ರಿಜ್ ಮೊದಲು ‘ಸಾಫ್ಟ್‌ಫೇಸ್’ ಎಂದು ಹೆಸರಿಟ್ಟ. ಅದು ಆಗ ಅಮೆರಿಕದ ಮಕ್ಕಳು ಮುಗಿಬೀಳುತ್ತಿದ್ದ ಗುಂಡುಮುಖದ ಬಟ್ಟೆಗೊಂಬೆಯ ಹೆಸರಿನ ಹಾಗಿದೆ ಎಂಬ ತಮಾಷೆ ಶುರುವಾಯಿತು. ಕೊನೆಗೆ ಅವನೂ ಬಿಲ್ ವರ್‌ಪ್ಲ್ಯಾಂಕ್ ಎಂಬ ಸಹೋದ್ಯೋಗಿಯೂ ಸೇರಿ ‘ಇಂಟರಾಕ್ಷನ್ ಡಿಸೈನ್’ ಎಂದರು. ಯುಎಕ್ಸ್ ಎಂಬ ಮಾತು ಆಮೇಲೆ ಬಂದು ಇದನ್ನೆಲ್ಲ ತನ್ನ ಬಗಲಿಗೆ ಹಾಕಿಕೊಂಡಿತು. 1991ರಲ್ಲಿ ಐಡಿ ಟೂ ಇನ್ನಿಬ್ಬರ ಸಂಸ್ಥೆಗಳ ಜೊತೆ ಸೇರಿ ಐಡಿಯೊ ಆಯಿತು.

ಬಳಸುವವನ ಕಡೆ ನೋಡುವುದು ಇವರಿಂದಲೇ ಶುರುವಾಯಿತು ಅನ್ನಲಾಗದು. ಹೆನ್ರಿ ಡ್ರೇಫಸ್ 1953ರಲ್ಲಿ ಬಂದ ಹನಿವೆಲ್ ಕಂಪನಿಯ ದುಂಡು ಥರ್ಮೊಸ್ಟಾಟ್ ಮಾಡಿದಾಗ, ಅದನ್ನು ತಿರುಗಿಸುವುದು ಹೇಗೆಂದು ಯಾರಿಗೂ ಕಲಿಸಬೇಕಾಗಿರಲಿಲ್ಲ. ಅವನ ಕಚೇರಿಯಲ್ಲಿ ಜೋ, ಜೋಸೆಫೀನ್ ಎಂಬ ಇಬ್ಬರು ‘ಸರಾಸರಿ ಮನುಷ್ಯರು’ ಅಳತೆ ಸಮೇತ ಗೋಡೆಯ ಮೇಲೆ ನಿಂತಿರುತ್ತಿದ್ದರು. ನಮ್ಮಮ್ಮನ ಅಳತೆ ಅಲ್ಲಿ ಇರಲಿಲ್ಲ, ಆ ಮಾತು ಬೇರೆ.

ಕೆಲಸ ನಡೆಯುವ ಬಗೆ ಹೀಗೆ. ಮೊದಲು ಮನೆಗೆ, ಅಡುಗೆಮನೆಗೆ, ವಾರ್ಡಿಗೆ ಹೋಗಿ ಸುಮ್ಮನೆ ಕೂತು ನೋಡುತ್ತಾರೆ. ಆಮೇಲೆ ಥರ್ಮೊಕೋಲು, ರಟ್ಟು, ಕಾಗದದಲ್ಲಿ ಸುಳ್ಳು ಯಂತ್ರ ಮಾಡುತ್ತಾರೆ. ಕೆಲವೊಮ್ಮೆ ತೊಗಲುಗೊಂಬೆಯಾಟದ ಹಾಗೆ ಪರದೆಯ ಹಿಂದೆ ಒಬ್ಬ ಅಡಗಿ ಕೂತು, ಯಂತ್ರದ ಪರವಾಗಿ ತಾನೇ ಉತ್ತರ ಕೊಡುತ್ತಾನೆ. ಮುಂದೆ ಕೂತವರು ಎಲ್ಲಿ ತಪ್ಪಿದರೋ ಅಲ್ಲಿ ತಿದ್ದುತ್ತಾರೆ, ಮತ್ತೆ ಕೂರಿಸುತ್ತಾರೆ. ನೋಡುವ ಭಾಗವೇ ದೊಡ್ಡದು. 1987ರಲ್ಲಿ ಐಡಿ ಟೂಗೆ ಸೇರಿದ ಮನಃಶಾಸ್ತ್ರಜ್ಞೆ ಜೇನ್ ಫುಲ್ಟನ್ ಸೂರಿ ಅದನ್ನು ಒಂದು ಶಿಸ್ತಾಗಿಯೇ ಬೆಳೆಸಿದರು. ಜನ ಯೋಚಿಸದೆಯೇ ವಸ್ತುಗಳನ್ನು ತಮಗೆ ಬೇಕಾದ ಹಾಗೆ ಒಗ್ಗಿಸಿಕೊಳ್ಳುವ ಚಿತ್ರಗಳನ್ನು ಕೂಡಿಸಿ 2005ರಲ್ಲಿ ಒಂದು ಪುಸ್ತಕವನ್ನೇ ತಂದರು. ಅಮ್ಮನ ಎರಡು ಬೊಟ್ಟುಗಳಿಗೆ ಅದರಲ್ಲಿ ಒಂದು ಪುಟ ಧಾರಾಳವಾಗಿ ಸಿಗುತ್ತಿತ್ತು.

ನಮ್ಮಲ್ಲಿ ಈ ವಿದ್ಯೆಯ ಅತಿ ದೊಡ್ಡ ಪರೀಕ್ಷೆ ನಡೆಯುವುದು ಮತಗಟ್ಟೆಯಲ್ಲಿ. ಬೆಂಗಳೂರಿನ ಬಿಇಎಲ್ ತಯಾರಿಸುವ ಮತಯಂತ್ರದ ವಿನ್ಯಾಸದಲ್ಲಿ ಐಐಟಿ ಬಾಂಬೆಯ ಇಂಡಸ್ಟ್ರಿಯಲ್ ಡಿಸೈನ್ ಸೆಂಟರಿನ ಎ.ಜಿ. ರಾವ್ ಮತ್ತು ರವಿ ಪೂವಯ್ಯ ಅವರ ಕೈ ಇದೆ. ಹೆಸರು, ಅದರ ಪಕ್ಕ ಚಿಹ್ನೆ, ಅದರ ಪಕ್ಕ ನೀಲಿ ಗುಂಡಿ. ಒತ್ತಿದರೆ ಕೆಂಪು ದೀಪ ಹತ್ತುತ್ತದೆ, ಬೀಪ್ ಎನ್ನುತ್ತದೆ. ದೀಪ ಒಳಗೆ ನಿಂತವರಿಗೆ, ಸದ್ದು ಹೊರಗೆ ಕೂತ ಅಧಿಕಾರಿಗೆ. ಗಾಬರಿಯಲ್ಲಿ ಎರಡು ಸಲ ಒತ್ತಿದರೂ ಬೀಳುವುದು ಒಂದೇ ಮತ. 2004ರ ಲೋಕಸಭಾ ಚುನಾವಣೆಯಲ್ಲಿ ಇಡೀ ದೇಶ ಅದರಲ್ಲೇ ಮತ ಹಾಕಿತು. ಅಮ್ಮ ಅದಕ್ಕೆ ಬೊಟ್ಟು ಇಟ್ಟಿಲ್ಲ, ಬೇಕಾಗಿಲ್ಲ.

ಆದರೆ ಈ ಕಸುಬಿನವರ ಕಷ್ಟವೂ ಅಲ್ಲೇ ಇದೆ. ಕೆಲಸ ಚೆನ್ನಾಗಿ ಆದರೆ ಅದು ಕಣ್ಣಿಗೆ ಬೀಳುವುದಿಲ್ಲ. ಆಕಾರಕ್ಕೆ ದುಡ್ಡು ಕೊಡುವ ಕಂಪನಿ, ಹಳ್ಳಿಯ ಅಡುಗೆಮನೆಯಲ್ಲಿ ಎರಡು ವಾರ ಕೂತಿದ್ದಕ್ಕೆ ಬಿಲ್ ಬಂದರೆ ಹುಬ್ಬು ಗಂಟಿಕ್ಕುತ್ತದೆ. ಎಷ್ಟೋ ಕಡೆ ಅಚ್ಚು ತಯಾರಾದ ಮೇಲೆ ಇವರನ್ನು ಕರೆಯುತ್ತಾರೆ. ಗುಂಡಿಯ ಜಾಗ ಬದಲಿಸಲು ಆಗ ಕಾಲ ಮೀರಿರುತ್ತದೆ, ಅದರ ಮೇಲಿನ ಅಕ್ಷರ ಬದಲಿಸಬಹುದು ಅಷ್ಟೆ. ಬೆಂಗಳೂರಿನಲ್ಲಿ ಯುಎಕ್ಸ್ ಎಂದರೆ ಈಗ ಬಹುಮಟ್ಟಿಗೆ ಫೋನಿನ ಆ್ಯಪ್. ಐಡಿಯೊ ಕೂಡ 2023ರ ಕೊನೆಯಲ್ಲಿ ಸುಮಾರು ಮೂರನೇ ಒಂದರಷ್ಟು ನೌಕರರನ್ನು ಬಿಡುವುದಾಗಿ ಹೇಳಿತು. ಮಾಗ್ರಿಜ್ 2012ರಲ್ಲಿ ತೀರಿಕೊಂಡ. ಆಗ ಅವನು ನ್ಯೂಯಾರ್ಕಿನ ಕೂಪರ್ ಹೆವಿಟ್ ವಿನ್ಯಾಸ ಮ್ಯೂಸಿಯಂನ ನಿರ್ದೇಶಕ. ಅವನ ಕಂಪಾಸ್ ಈಗ ಅದೇ ಮ್ಯೂಸಿಯಂನ ಸಂಗ್ರಹದಲ್ಲಿದೆ.

ಹೋದ ತಿಂಗಳು ಹೊಸ ವಾಷಿಂಗ್ ಮಷೀನ್ ನೋಡಲು ಅಂಗಡಿಗೆ ಹೋಗಿದ್ದೆವು. ಗುಂಡಿಯೇ ಇಲ್ಲ, ನುಣ್ಣನೆಯ ಕಪ್ಪು ಗಾಜು. ಸ್ವಿಚ್ ಹಾಕಿದರೆ ಅಕ್ಷರ ಹೊಳೆಯುತ್ತದೆ, ಒಂದನ್ನು ಮುಟ್ಟಿದರೆ ಅದೇ ಜಾಗದಲ್ಲಿ ಇನ್ನೊಂದು ಬರುತ್ತದೆ. ಅಮ್ಮ ಗಾಜಿನ ಮೇಲೆ ಬೆರಳಾಡಿಸಿ, ‘ಇದರಲ್ಲಿ ಬೊಟ್ಟು ಎಲ್ಲಿಡೋದಪ್ಪಾ?’ ಎಂದು ಕೇಳಿದಳು. ಮಾರುವ ಹುಡುಗ ನನ್ನ ಮುಖ ನೋಡಿದ. ಹಳೆಯದಕ್ಕೇ ಹೊಸ ಬೆಲ್ಟ್ ಹಾಕಿಸಿದ್ದೇವೆ.