ಆಂಬುಲೆನ್ಸಿನಲ್ಲಿ ಬರುವವರ ಕಷ್ಟವನ್ನೂ ತಿಳಿಯೋಣ



ಮನೆಯಲ್ಲಿ ಹೆರಿಗೆ ನೋವು ಕಾಣಿಸಿಕೊಂಡರೆ, ಹೊಲದಲ್ಲಿ ಹಾವು ಕಚ್ಚಿದರೆ, ರಸ್ತೆಯಲ್ಲಿ ಅಪಘಾತವಾದರೆ ನಾವು 108ಕ್ಕೆ ಫೋನು ಮಾಡುತ್ತೇವೆ. 'ಆರೋಗ್ಯ ಕವಚ' ಎಂಬ ಈ ಸೇವೆಯು ನಮ್ಮ ರಾಜ್ಯದಲ್ಲಿ 2008ರ ನವೆಂಬರ್ 1ರಂದು ಆರಂಭವಾಯಿತು. ಗಾಡಿಯಲ್ಲಿ ಸಾಮಾನ್ಯವಾಗಿ ಬರುವವರು ಇಬ್ಬರು: ಒಬ್ಬ ಚಾಲಕ, ದಾರಿಯಲ್ಲಿ ಶುಶ್ರೂಷೆ ಮಾಡಲು ತರಬೇತಿ ಪಡೆದ ಒಬ್ಬ ಸಹಾಯಕ. ರೋಗಿಯ ಕಷ್ಟ ನಮಗೆ ಕಾಣುತ್ತದೆ, ಈ ಇಬ್ಬರ ಕಷ್ಟ ಕಾಣುವುದಿಲ್ಲ. ಅದರಲ್ಲಿ ಒಂದು ಪಾಲನ್ನು ಕಡಿಮೆ ಮಾಡುವುದು ನಮ್ಮ ಕೈಯಲ್ಲಿದೆ.

ಮೈಯ ಶ್ರಮ: ಗಾಡಿ ಹೋಗದ ಕಡೆ ರೋಗಿಯನ್ನು ಬದುವಿನ ಮೇಲೆ, ಇಕ್ಕಟ್ಟಾದ ಓಣಿಯಲ್ಲಿ ಹೊತ್ತು ತರಬೇಕು. ದಿನವೂ ಹೀಗೆ ಬಾಗಿ ಎತ್ತುವವರಿಗೆ ಸೊಂಟನೋವು ಅಂಟಿಕೊಳ್ಳುತ್ತದೆ.

ಸೋಂಕು: ಕುಲುಕುವ ಗಾಡಿಯಲ್ಲಿ ಸೂಜಿ ಹಾಕುವಾಗ ಅದು ತಮ್ಮ ಕೈಗೇ ಚುಚ್ಚಬಹುದು. ಆಗ ರೋಗಿಯ ರಕ್ತದಿಂದ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್‌ಐವಿ ತಗಲುವ ಭಯವುಂಟು. ಹೆಪಟೈಟಿಸ್ ಬಿ ರೋಗಕ್ಕೆ ಮುಂಚಿತವಾಗಿ ಲಸಿಕೆ ಇದೆ. ಎಚ್‌ಐವಿ ತಡೆಯುವ ಮಾತ್ರೆಯನ್ನು ಚುಚ್ಚಿದ 72 ಗಂಟೆಗಳೊಳಗೆ, ಆದಷ್ಟು ಬೇಗ ಆರಂಭಿಸಬೇಕು. ಆದುದರಿಂದ ಅವರು ಕೈಗವಸು ಹಾಕಿಕೊಂಡು ಮುಟ್ಟಿದರೆ, ನಮ್ಮನ್ನು ಕಂಡು ಅಸಹ್ಯಪಟ್ಟರೆಂದು ತಿಳಿಯಬಾರದು.

ವಿಷ: ಕ್ಲೋರ್‌ಪೈರಿಫಾಸ್, ಪ್ರೊಫೆನೊಫಾಸ್ ಮೊದಲಾದ ಕೀಟನಾಶಕಗಳು ಚರ್ಮದ ಮೂಲಕವೂ ಒಳಸೇರುತ್ತವೆ. ರೋಗಿಯ ಬಟ್ಟೆ ಮತ್ತು ವಾಂತಿಯಿಂದ ಶುಶ್ರೂಷೆ ಮಾಡುವವರಿಗೂ ತಲೆಸುತ್ತು, ಕಣ್ಣುರಿ, ವಾಕರಿಕೆ ಬರಬಹುದು.

ಮನಸ್ಸಿನ ಭಾರ: ಉಳುವ ಎತ್ತನ್ನೂ ಬಿಸಿಲೇರಿದಾಗ ನೊಗ ಬಿಚ್ಚಿ ನೆರಳಿಗೆ ಕಟ್ಟುತ್ತೇವೆ. ಇವರಿಗೋ ರಾತ್ರಿಪಾಳಿ, ನಿದ್ದೆಗೇಡು. ಕೈಯಲ್ಲೇ ಒಂದು ಮಗು ತೀರಿಕೊಂಡರೂ ಗಾಡಿ ತೊಳೆದು ಮುಂದಿನ ಕರೆಗೆ ಹೊರಡಬೇಕು. ಅದರ ಮೇಲೆ 'ತಡವಾಗಿ ಬಂದಿರಿ' ಎಂಬ ಬೈಗುಳ, ಕೆಲವೆಡೆ ಏಟು. ಕಂಡ ದೃಶ್ಯ ಕನಸಿನಲ್ಲಿ ಮರಳುವುದು, ಸಣ್ಣ ಮಾತಿಗೂ ಸಿಟ್ಟು, ಕುಡಿತದ ಕಡೆ ವಾಲುವುದು ಇವು ಪುಕ್ಕಲುತನವಲ್ಲ. ಸೊಂಟನೋವಿನಂತೆ ಇದಕ್ಕೂ ಚಿಕಿತ್ಸೆಯಿದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾರು ಬೇಕಾದರೂ ಖರ್ಚಿಲ್ಲದೆ ಫೋನು ಮಾಡಿ ಕನ್ನಡದಲ್ಲೇ ಮಾತನಾಡಬಹುದು. ನಿಮ್ಮ ಊರಿನ ಹುಡುಗನೋ ಹುಡುಗಿಯೋ ಈ ಕೆಲಸದಲ್ಲಿದ್ದರೆ ಇದನ್ನು ತಪ್ಪದೆ ತಿಳಿಸಿರಿ.

ನಾವು ಮಾಡಬೇಕಾದುದು:

1. ಫೋನು ಮಾಡಿದಾಗ ಊರು, ದಾರಿ, ಗುರುತುಗಳನ್ನು ಸ್ಪಷ್ಟವಾಗಿ ಹೇಳಿರಿ. ಒಬ್ಬರು ಬ್ಯಾಟರಿ ಹಿಡಿದು ತಿರುವಿನಲ್ಲಿ ನಿಲ್ಲಲಿ.

2. ಸ್ಟ್ರೆಚರ್ ಎತ್ತಲು ನಾಲ್ವರು ಕೈಜೋಡಿಸಿರಿ. ಉಳಿದವರು ದೂರ ಸರಿದು ಗಾಳಿ ಬಿಡಿರಿ.

3. ವಿಷ ತಗಲಿದವರ ನೆನೆದ ಬಟ್ಟೆಯನ್ನು, ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ತೆಗೆಯಿರಿ. ಮೈಯನ್ನು ಸಾಬೂನು ನೀರಿನಿಂದ ತೊಳೆಯಿರಿ. ಬಲವಂತವಾಗಿ ವಾಂತಿ ಮಾಡಿಸಬೇಡಿರಿ. ಔಷಧಿಯ ಡಬ್ಬಿಯನ್ನು ಚೀಟಿಸಮೇತ ಅವರ ಕೈಗೆ ಕೊಡಿರಿ.

4. ಟ್ರ್ಯಾಕ್ಟರ್, ಗಾಡಿಗಳನ್ನು ಬದಿಗೆ ತೆಗೆದು ದಾರಿ ಬಿಡಿರಿ. 2019ರ ಮೋಟಾರು ವಾಹನ ಕಾಯಿದೆಯ ತಿದ್ದುಪಡಿಯಂತೆ, ದಾರಿ ಬಿಡದ ಚಾಲಕನಿಗೆ 10,000 ರೂಪಾಯಿಯವರೆಗೆ ದಂಡ, 6 ತಿಂಗಳವರೆಗೆ ಸಜೆ ಆಗಬಹುದು.

5. ದುಃಖದಲ್ಲಿಯೂ ಕೈ ಎತ್ತಬೇಡಿರಿ. ವೈದ್ಯಕೀಯ ಸಿಬ್ಬಂದಿಯ ಮೇಲೆ ಹಲ್ಲೆ ಮಾಡುವವರನ್ನು ಶಿಕ್ಷಿಸಲು ರಾಜ್ಯದಲ್ಲಿ 2009ರಿಂದಲೇ ಪ್ರತ್ಯೇಕ ಕಾಯಿದೆ ಇದೆ. ಏಟು ತಿಂದ ಕೈ ನಡುಗಿದರೆ ನಷ್ಟ ನಮ್ಮ ರೋಗಿಗೇ.

ತಿರುವಿನಲ್ಲಿ ನಿಲ್ಲುವವರು ಯಾರು, ಸ್ಟ್ರೆಚರ್ ಹಿಡಿಯುವ ನಾಲ್ವರು ಯಾರು ಎಂಬುದನ್ನು ಮುಂದಿನ ಗ್ರಾಮಸಭೆಯಲ್ಲಿಯೇ ಮಾತಾಡಿ ಗೊತ್ತುಮಾಡಿಕೊಳ್ಳಿರಿ. ಕರೆ ಮಾಡುವ ದಿನ ಮೊದಲೇ ಹೇಳಿ ಬರುವುದಿಲ್ಲ.